ಶಾಲೆ ಕಟ್ಟಿಸಿಕೊಟ್ಟ ಕಂಪನಿಯನ್ನು ಪ್ರಶ್ನಿಸಬಹುದೇ?

ಪ್ರಶ್ನೆ: ಅಕ್ಕಾ, ನಾನು ಸಂಡೂರು ತಾಲ್ಲೂಕಿನ ಒಂದು ಹಳ್ಳಿಯವಳು. ಊರ ಹೆಸರು ಹಾಕಬೇಡಿ. ಗ್ರಾಮ ಪಂಚಾಯಿತಿ ಸದಸ್ಯೆ. ನಮ್ಮ ಮನೆಯವರು ಊರ ಮೇಲಿನ ಗುಡ್ಡದ ಅದಿರು ಗಣಿಯಲ್ಲಿ ಗುತ್ತಿಗೆದಾರರ ಕೈಕೆಳಗೆ ಟಿಪ್ಪರ್ ಓಡಿಸುತ್ತಾರೆ. ಕಂಪನಿಯವರು ಶಾಲೆಗೆ ಎರಡು ಕೊಠಡಿ ಕಟ್ಟಿಸಿದ್ದಾರೆ, ಶುದ್ಧ ನೀರಿನ ಘಟಕ ಹಾಕಿಸಿದ್ದಾರೆ, ಜಾತ್ರೆಗೆ ದೇಣಿಗೆ ಕೊಡುತ್ತಾರೆ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಶಿಬಿರ ಮಾಡುತ್ತಾರೆ. ಗೇಟಿನ ಮುಂದೆ ‘ಫೈವ್ ಸ್ಟಾರ್ ಗಣಿ’ ಎಂಬ ದೊಡ್ಡ ಬೋರ್ಡು ಇದೆ. ಆದರೆ ಮಳೆ ಬಂತೆಂದರೆ ಹಳ್ಳದಲ್ಲಿ ಕೆಂಪು ನೀರು. ಕೆರೆ ವರ್ಷ ವರ್ಷ ಹೂಳು ತುಂಬುತ್ತಿದೆ. ರಸ್ತೆ ಬದಿಯ ಹೊಲಗಳಲ್ಲಿ ಮೆಕ್ಕೆಜೋಳದ ಗರಿಯ ಹಸಿರೇ ಕಾಣದಷ್ಟು ಧೂಳು. ನಮ್ಮ ಮನೆಯವರಿಗೂ ಬಿಡದ ಕೆಮ್ಮು. ಈಗ ಕಂಪನಿ ಉತ್ಪಾದನೆ ಹೆಚ್ಚಿಸಲು ಅರ್ಜಿ ಹಾಕಿದೆ. ಪರಿಸರ ಸಾರ್ವಜನಿಕ ಆಲಿಕೆ ಸಭೆ ಮುಂದಿನ ತಿಂಗಳು. ‘ಮೇಡಂ, ಸಭೆಯಲ್ಲಿ ನಾಲ್ಕು ಒಳ್ಳೆ ಮಾತು ಹೇಳಿ’ ಎಂದು ಕಂಪನಿಯವರು ಮನೆಗೇ ಬಂದು ಕೇಳಿ ಹೋದರು. ‘ಅನ್ನ ಹಾಕಿದವರ ವಿರುದ್ಧ ಬಾಯಿ ಬಿಡಬೇಡ’ ಎಂದು ಅತ್ತೆ. ‘ನೀವೂ ಕಂಪನಿ ಕಡೆಯವರೇ’ ಎಂದು ಊರ ಹುಡುಗರು. ಈ ಕಂಪನಿ ಒಳ್ಳೆಯದೋ ಕೆಟ್ಟದ್ದೋ ನನಗೇ ತಿಳಿಯುತ್ತಿಲ್ಲ. ಎಸ್ಸೆಸ್ಸೆಲ್ಸಿ ಓದಿದ ನಾನು ಅದನ್ನು ಅಳೆಯುವುದು ಹೇಗೆ?

ಉತ್ತರ: ತಂಗಿ, ಆಲಿಕೆ ಸಭೆಯಲ್ಲಿ ನಿಮ್ಮನ್ನು ಯಾರೂ ‘ಗಣಿ ಬೇಕೋ ಬೇಡವೋ’ ಎಂದು ಕೈ ಎತ್ತಿಸುವುದಿಲ್ಲ. ಅಲ್ಲಿ ಮತದಾನ ಇಲ್ಲ, ಪರ ಇಷ್ಟು ವಿರೋಧ ಇಷ್ಟು ಎಂಬ ಎಣಿಕೆ ಇಲ್ಲ. ಊರಿನವರ ಅನುಮಾನ, ಅಹವಾಲು, ಬೇಡಿಕೆ ಏನು ಎಂಬುದನ್ನು ಸರ್ಕಾರದ ಕಡತಕ್ಕೆ ಸೇರಿಸುವುದೇ ಆ ಸಭೆಯ ಕೆಲಸ. ಹಾಗಾಗಿ ಕಂಪನಿಯ ಪರವೋ ವಿರುದ್ಧವೋ ಎಂಬ ಭಾರವನ್ನು ಮೊದಲು ತಲೆಯಿಂದ ಇಳಿಸಿ. ಪಂಚಾಯಿತಿ ಸದಸ್ಯೆ ಪ್ರಶ್ನೆ ಕೇಳಿದರೆ ಅದು ಅನ್ನ ಹಾಕಿದವರಿಗೆ ಬಗೆದ ದ್ರೋಹ ಆಗುವುದಿಲ್ಲ, ಕೇಳಲಿ ಎಂದೇ ಜನ ನಿಮ್ಮನ್ನು ಆರಿಸಿದ್ದಾರೆ. ಅನ್ನದ ಮಾತಿಗೆ ಬಂದರೆ, ಮನೆಯಲ್ಲಿ ಬೇಯುವ ಅನ್ನ ನಿಮ್ಮ ಯಜಮಾನರ ದುಡಿಮೆಯದು.

ಕಂಪನಿ ಏನು ಕೊಟ್ಟಿತು ಎಂಬ ಪಟ್ಟಿ ನಿಮ್ಮ ಪತ್ರದಲ್ಲಿ ಉದ್ದಕ್ಕೆ ಇದೆ. ಒಂದು ಕಂಪನಿ ಹೊಣೆಗಾರಿಕೆಯಿಂದ ನಡೆಯುತ್ತಿದೆಯೇ ಎಂದು ತಿಳಿಯಲು ಆ ಪಟ್ಟಿ ಸಾಲದು. ಅದು ಏನು ತೆಗೆದುಕೊಂಡಿತು, ಅದಕ್ಕೆ ಬದಲಾಗಿ ಏನು ಮಾಡಬೇಕೆಂದು ಬರೆದುಕೊಟ್ಟಿತ್ತು, ಅದನ್ನು ಮಾಡಿತೇ ಎಂಬ ಲೆಕ್ಕ ಬೇಕು. ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್ ನೆನೆಯಿರಿ. 1880ರಲ್ಲಿ ಅಲ್ಲಿಗೆ ಬಂದ ಜಾನ್ ಟೇಲರ್ ಕಂಪನಿ ಮನೆ ಕಟ್ಟಿಸಿತು, ಆಸ್ಪತ್ರೆ ನಡೆಸಿತು. ಆ ಗಣಿಗೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಆಗ ನಮ್ಮ ನಾಡಿನ ಎಷ್ಟೋ ಊರುಗಳಿಗೆ ಬಲ್ಬು ಎಂದರೇನೆಂದು ಗೊತ್ತಿರಲಿಲ್ಲ. ಆಮೇಲೆ ಗಣಿ ಸರ್ಕಾರದ ಕೈಗೆ ಬಂತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ಸಂಬಳ ನಿಂತಿತು, ಆಸ್ಪತ್ರೆ ಹಾಳುಬಿತ್ತು. ಊರಿಗೆ ಉಳಿದದ್ದು ಸೈನೈಡ್ ಗುಡ್ಡಗಳು. ಚಿನ್ನ ಬೇರ್ಪಡಿಸಿ ಬಿಸಾಡಿದ ನುಣುಪು ಪುಡಿಯ ಆ ದಿಬ್ಬಗಳಿಂದ ಗಾಳಿಗಾಲದಲ್ಲಿ ಧೂಳೆದ್ದು ಇವತ್ತಿಗೂ ಮನೆಗಳ ಒಳಗೆ ಬೀಳುತ್ತದೆ. ಗಣಿ ಮುಚ್ಚಿದ ಮೇಲೆ ಆ ಗುಡ್ಡಗಳನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಗಣಿ ನಡೆಯುತ್ತಿದ್ದಾಗಲೇ ಗಟ್ಟಿ ಮಾಡಿಕೊಂಡಿದ್ದರೆ ಆ ಊರಿನ ಕತೆ ಬೇರೆಯಾಗುತ್ತಿತ್ತು.

ನಿಮ್ಮ ತಾಲ್ಲೂಕಿನ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಒಂದು ವಿಷಯ ಎತ್ತುತ್ತೇನೆ, ಅಳೆಯುವುದು ಹೇಗೆ ಎಂಬ ನಿಮ್ಮ ಪ್ರಶ್ನೆಗೆ ದೇಶದ ಸುಪ್ರೀಂ ಕೋರ್ಟು ನಿಮ್ಮ ಗುಡ್ಡಗಳ ಮೇಲೆಯೇ ಉತ್ತರ ಕೊಟ್ಟಿದೆ. 2011ರ ಜುಲೈನಲ್ಲಿ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ಕುರಿತ ಎರಡನೇ ವರದಿ ಬಂತು. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ಹೊರಗೆ ಹೋಗಿತ್ತು, ನಷ್ಟ 12,228 ಕೋಟಿ ರೂಪಾಯಿ ಎಂದು ಅದು ಲೆಕ್ಕ ಕೊಟ್ಟಿತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಕೋರ್ಟು ಆದೇಶ ಕೊಟ್ಟು ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆಯೇ ನಿಂತಿತು. ಆಮೇಲೆ ಕೋರ್ಟು ಮಾಡಿದ್ದೇನು? ಸರ್ವೆ ತಂಡ ಕಳಿಸಿತು. ಗುತ್ತಿಗೆಯ ಗಡಿ ದಾಟಿ ಎಷ್ಟು ಅಗೆದಿದ್ದಾರೆ, ಎಷ್ಟು ಜಾಗದಲ್ಲಿ ತ್ಯಾಜ್ಯ ಮಣ್ಣು ಸುರಿದಿದ್ದಾರೆ ಎಂದು ಅಳೆಸಿತು. ಒತ್ತುವರಿ ಇಲ್ಲದ ಅಥವಾ ತೀರ ಅಲ್ಪವಾದ ಗಣಿಗಳು ಎ ದರ್ಜೆ. ಹೊಂಡದ ಒತ್ತುವರಿ ಗುತ್ತಿಗೆ ಪ್ರದೇಶದ ಶೇ 10ರವರೆಗೆ, ಮಣ್ಣಿನ ರಾಶಿಯದು ಶೇ 15ರವರೆಗೆ ಇದ್ದರೆ ಬಿ. ಅದನ್ನೂ ಮೀರಿದ್ದು ಸಿ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ದರ್ಜೆಯ ಗುತ್ತಿಗೆಗಳು ರದ್ದಾದವು. ಯಾವ ಕಂಪನಿ ಎಷ್ಟು ಶಾಲೆ ಕಟ್ಟಿಸಿತ್ತು, ಯಾವ ಗುಡಿಗೆ ಗೋಪುರ ಕಟ್ಟಿಸಿತ್ತು ಎಂದು ಆ ದರ್ಜೆ ಕೊಡುವಾಗ ಯಾರೂ ಕೇಳಲಿಲ್ಲ. ನೆಲವನ್ನೇ ಅಳೆದರು. ನೀವೂ ಹಾಗೆಯೇ ಅಳೆಯಿರಿ.

ಅದಕ್ಕೆ ಬೇಕಾದ ಕಾಗದಗಳಲ್ಲಿ ಮೊದಲನೆಯದು ಗಣಿಗೆ ಈಗ ಇರುವ ಪರಿಸರ ಅನುಮತಿ ಪತ್ರ, ಎಲ್ಲರೂ ‘ಇಸಿ’ ಎನ್ನುವುದು. ಅದರ ಪ್ರತಿ ನಿಮ್ಮ ಪಂಚಾಯಿತಿ ಕಚೇರಿಗೆ ಬಂದಿರಬೇಕು, ಪಿಡಿಒ ಅವರನ್ನು ಕೇಳಿ ಬೀರು ತೆಗೆಸಿ. ಅದರಲ್ಲಿ ಷರತ್ತುಗಳ ಉದ್ದ ಪಟ್ಟಿ ಇರುತ್ತದೆ: ರಸ್ತೆಗೆ ನೀರು ಹೊಡೆಯುವುದು, ಟಿಪ್ಪರಿಗೆ ತಾಡಪಾಲು ಹೊದಿಸುವುದು, ಮಣ್ಣಿನ ರಾಶಿಯ ಬುಡಕ್ಕೆ ತಡೆಗೋಡೆ, ಸುತ್ತ ಚರಂಡಿ, ಹೂಳು ತಡೆಯುವ ಗುಂಡಿ, ಚೆಕ್ ಡ್ಯಾಮ್, ಗಿಡ ನೆಡುವುದು. ಈ ಷರತ್ತುಗಳನ್ನು ಪಾಲಿಸಿದ್ದೇವೆ ಎಂದು ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ವರದಿ ಕೊಡಬೇಕು. ಅದು ಗುಟ್ಟಿನ ಕಾಗದ ಅಲ್ಲ, ಸಾರ್ವಜನಿಕ ದಾಖಲೆ. ಇದರ ಜೊತೆಗೆ ಸೆಪ್ಟೆಂಬರ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ವಾರ್ಷಿಕ ಪರಿಸರ ಹೇಳಿಕೆ ಸಲ್ಲಿಸಬೇಕು. ಕಂಪನಿಯನ್ನೇ ಕೇಳಿ. ಕೊಡದಿದ್ದರೆ ಮಂಡಳಿಗೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಸಭೆ ಮುಂದಿನ ತಿಂಗಳೇ ಇರುವುದರಿಂದ ಅರ್ಜಿ ಇವತ್ತೇ ಹೋಗಲಿ.

ವರದಿ ಇಂಗ್ಲಿಷಿನಲ್ಲಿ ಇರುತ್ತದೆ, ಹೆದರಬೇಡಿ. ಹೈಸ್ಕೂಲಿನ ಮೇಷ್ಟ್ರನ್ನೋ ಕಾಲೇಜಿಗೆ ಹೋಗುವ ಹುಡುಗಿಯನ್ನೋ ಕೂರಿಸಿಕೊಂಡು ಒಂದೊಂದು ಷರತ್ತನ್ನೂ ಓದಿಸಿ. ಎಲ್ಲ ಷರತ್ತಿನ ಮುಂದೆಯೂ ‘ಪಾಲಿಸಲಾಗುತ್ತಿದೆ’ ಎಂಬ ಒಂದೇ ಪದ ಬರೆದಿದ್ದರೆ ಆ ವರದಿಗೆ ಬೆಲೆ ಕಡಿಮೆ. ಎಷ್ಟು ಚೆಕ್ ಡ್ಯಾಮ್, ಎಲ್ಲೆಲ್ಲಿ, ಕಳೆದ ಮಳೆಗಾಲಕ್ಕೆ ಮೊದಲು ಯಾವ ತಿಂಗಳು ಹೂಳು ತೆಗೆದರು, ಎಷ್ಟು ಗಿಡ ನೆಟ್ಟರು, ಎಷ್ಟು ಬದುಕಿವೆ ಎಂದು ಬರೆದಿದ್ದರೆ ಆ ಕಂಪನಿಯ ಬಗ್ಗೆ ನನಗೆ ಗೌರವ ಹುಟ್ಟುತ್ತದೆ. ‘ಈ ಷರತ್ತು ಇನ್ನೂ ಪೂರ್ತಿ ಪಾಲನೆ ಆಗಿಲ್ಲ, ಇಷ್ಟರೊಳಗೆ ಮಾಡುತ್ತೇವೆ’ ಎಂದು ತಾನಾಗಿ ಒಪ್ಪಿಕೊಂಡ ವರದಿ ಸಿಕ್ಕರೆ ಗೌರವ ಇನ್ನೂ ಹೆಚ್ಚು.

ನಿಮ್ಮ ಕೆರೆಯ ಹೂಳಿಗೆ ಸಂಬಂಧಿಸಿದ ಇನ್ನೊಂದು ಕಾಗದ ನಿಮ್ಮ ಸೀಮೆಗೇ ವಿಶೇಷ. 2011ರ ನಿಷೇಧದ ನಂತರ ಗಣಿ ಮತ್ತೆ ತೆರೆಯಬೇಕಾದರೆ ಪ್ರತಿ ಗುತ್ತಿಗೆಗೂ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ ಇರಲೇಬೇಕು ಎಂದು ಕೋರ್ಟು ಹೇಳಿತು. ಗಣಿಯವರ ಬಾಯಲ್ಲಿ ಅದು ‘ಆರ್ ಅಂಡ್ ಆರ್ ಪ್ಲಾನ್’. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿಯವರು ಗುಡ್ಡ ಹತ್ತಿ ನೋಡಿ ಯಾವ ಕೊರಕಲಿಗೆ ಎಂಥ ತಡೆ, ಯಾವ ರಾಶಿಗೆ ಎಂಥ ಗೋಡೆ ಎಂದು ಬರೆದಿದ್ದಾರೆ. ನಿಮ್ಮೂರ ಗಣಿಯ ಆ ಯೋಜನೆ ಕೇಳಿ ಪಡೆಯಿರಿ. ಅದರಲ್ಲಿ ಬರೆದ ಚೆಕ್ ಡ್ಯಾಮುಗಳ ಪಟ್ಟಿ ಹಿಡಿದು ಪಂಚಾಯಿತಿಯ ನಾಲ್ಕು ಜನ, ಸ್ವಸಹಾಯ ಸಂಘದ ನಾಲ್ಕು ಹೆಣ್ಣುಮಕ್ಕಳು ಸ್ಥಳ ತೋರಿಸಿ ಎಂದು ಕಂಪನಿಗೆ ಪತ್ರ ಬರೆಯಿರಿ. ಕಂಪನಿಯವರು ಗೇಟು ತೆರೆದು ಕರೆದೊಯ್ದು ತೋರಿಸುತ್ತಾರೋ, ಸಬೂಬು ಹೇಳುತ್ತಾರೋ, ಅಲ್ಲಿಗೇ ನಿಮಗೆ ಅರ್ಧ ತಿಳಿಯುತ್ತದೆ. ಒಂದು ಹದ ಮಳೆ ಬಿದ್ದ ಮರುದಿನ ಹೋಗಿ. ಚೆಕ್ ಡ್ಯಾಮಿನ ಮೇಲ್ಗಡೆ ನೀರು ಕೆಂಪಗಿದ್ದು ಕೆಳಗಡೆ ತಿಳಿಯಾಗಿದ್ದರೆ ಅದು ಕೆಲಸ ಮಾಡುತ್ತಿದೆ. ಎರಡೂ ಕಡೆ ಒಂದೇ ಕೆಂಪು ಇದ್ದರೆ ಅದು ಹೂಳಿನಿಂದ ತುಂಬಿ ನಿಂತಿರಬೇಕು, ಹರಿದದ್ದೆಲ್ಲ ನೇರ ನಿಮ್ಮ ಕೆರೆಗೆ. ಬಾಟಲಿಯಲ್ಲಿ ನೀರು ಹಿಡಿದು, ದಿನಾಂಕ ಬರುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆಲಿಕೆ ಮಳೆಗಾಲಕ್ಕೆ ಮೊದಲೇ ಬಂದರೆ ಕಳೆದ ವರ್ಷದ ಫೋಟೊ ಊರ ಹುಡುಗರ ಫೋನುಗಳಲ್ಲಿ ಇರುತ್ತದೆ. ನಿಮ್ಮನ್ನು ಕಂಪನಿ ಕಡೆಯವರು ಎಂದ ಹುಡುಗರಿಗೇ ಆ ಕೆಲಸ ಒಪ್ಪಿಸಿ.

ಧೂಳಿನ ವಿಷಯದಲ್ಲಿ ಕಾಗದ ನಿಮ್ಮ ಕಣ್ಣಿಗೆ ವಿರುದ್ಧ ಹೇಳಬಹುದು. ಉಸಿರಿನೊಳಗೆ ಹೋಗುವ ಸಣ್ಣ ಧೂಳು, ಪಿಎಂ 10, ಒಂದು ಘನ ಮೀಟರ್ ಗಾಳಿಯಲ್ಲಿ 24 ಗಂಟೆಯ ಸರಾಸರಿ 100 ಮೈಕ್ರೋಗ್ರಾಂ ಮೀರಬಾರದು, ವರ್ಷದ ಸರಾಸರಿ 60 ಮೀರಬಾರದು ಎಂಬುದು 2009ರಿಂದ ಇರುವ ರಾಷ್ಟ್ರೀಯ ಮಿತಿ. ವರದಿಯಲ್ಲಿ ಅಂಕಿ ಮಿತಿಯ ಒಳಗೇ ಇದ್ದರೆ ಸುಳ್ಳು ಎಂದು ಕೂಗಬೇಡಿ. ಯಂತ್ರವನ್ನು ಎಲ್ಲಿ ಇಟ್ಟಿದ್ದಿರಿ, ಯಾವ ತಿಂಗಳು, ಗಾಳಿ ಬೀಸುವ ದಿಕ್ಕಿನಲ್ಲೋ ಎದುರು ದಿಕ್ಕಿನಲ್ಲೋ, ಟಿಪ್ಪರ್ ಓಡುವ ರಸ್ತೆಯಿಂದ ಎಷ್ಟು ದೂರ ಎಂದು ಕೇಳಿ. ವಿಸ್ತರಣೆಯ ಅರ್ಜಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನ ಮೂರು ತಿಂಗಳ ಅಳತೆ ಸಾಕು. ಅದರಲ್ಲಿ ನಿಮ್ಮೂರ ಶಾಲೆಯ ಅಂಗಳ ಸೇರಿತ್ತೇ? ಸೇರಿರದಿದ್ದರೆ ಇನ್ನು ಮುಂದೆ ಅಲ್ಲೊಂದು ಯಂತ್ರ ಇಟ್ಟು ತಿಂಗಳು ತಿಂಗಳು ಅಂಕಿಯನ್ನು ಪಂಚಾಯಿತಿ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆಯಬೇಕು ಎಂದು ಕೇಳಿ. ಇದು ದೊಡ್ಡ ಖರ್ಚಿನ ಬೇಡಿಕೆಯಲ್ಲ, ಒಪ್ಪಲು ಹಿಂದೇಟು ಹಾಕಿದರೆ ಕಾರಣ ಅವರೇ ಹೇಳಲಿ.

ಇನ್ನು ಹಣದ ಮಾತು. ಗೊಂದಲ ಹೆಚ್ಚಾಗಿ ಆಗುವುದು ಇಲ್ಲೇ. ಕಬ್ಬಿಣದ ಅದಿರಿಗೆ ರಾಯಧನ ಸರಾಸರಿ ಮಾರಾಟ ಬೆಲೆಯ ಶೇ 15. ಅದು ರಾಜ್ಯ ಸರ್ಕಾರಕ್ಕೆ. ಅದರ ಮೇಲೆ, 2015ರ ಕಾನೂನು ತಿದ್ದುಪಡಿಯಂತೆ, ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಅಂದರೆ ಡಿಎಂಎಫ್‌ಗೆ, ಹಳೆಯ ಗುತ್ತಿಗೆಗಳು ರಾಯಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದವು ಶೇ 10ರಷ್ಟು ಕಟ್ಟಬೇಕು. ಟನ್ ಅದಿರಿಗೆ 3,000 ರೂಪಾಯಿ ಬೆಲೆ ಎಂದು ಇಟ್ಟುಕೊಳ್ಳಿ. ರಾಯಧನ 450 ರೂಪಾಯಿ. ಡಿಎಂಎಫ್‌ಗೆ 135 ಅಥವಾ 45. ನಿಮ್ಮ ಯಜಮಾನರ ಟಿಪ್ಪರಿನಲ್ಲಿ ಇಳಿದು ಹೋಗುವ ಒಂದೊಂದು ಟನ್ನಿಗೂ ಇಷ್ಟು ಹಣ ಗಣಿಬಾಧಿತ ಊರುಗಳ ಹೆಸರಿನಲ್ಲಿ ಜಮೆಯಾಗುತ್ತದೆ. ಅದು ಕಂಪನಿಯ ದಯೆಯಿಂದ ಬಂದದ್ದಲ್ಲ, ನಿಮ್ಮ ಪಾಲು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ಇವಕ್ಕೇ ಅದರ ಹೆಚ್ಚಿನ ಭಾಗ ಹೋಗಬೇಕು. ಕೋರ್ಟಿನ ಆದೇಶದಂತೆ ಸಂಗ್ರಹವಾದ ಬೇರೊಂದು ದೊಡ್ಡ ನಿಧಿಯೂ ಇದೆ, ಅದನ್ನು ಖರ್ಚು ಮಾಡಲೆಂದೇ 2014ರಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು.

ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಹಣ, ಬೇರೆಯೇ ಚೀಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ವರ್ಷಕ್ಕೆ 5 ಕೋಟಿ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಸಂಪತ್ತು ಇರುವ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು, ತಾನು ಕೆಲಸ ಮಾಡುವ ಊರುಗಳಿಗೆ ಆದ್ಯತೆ ಕೊಡಬೇಕು. ಹಾಗಾದರೆ ನಿಮ್ಮೂರಿನ ಆ ಎರಡು ಕೊಠಡಿ ಯಾವ ಚೀಲದಿಂದ ಬಂದವು? ನೀರಿನ ಘಟಕ ಯಾವುದರಿಂದ? ಡಿಎಂಎಫ್ ಹಣದಲ್ಲಿ ಆದ ಕೆಲಸಕ್ಕೆ ಕಂಪನಿ ತನ್ನ ಬೋರ್ಡು ಹಾಕಿಕೊಳ್ಳಬಾರದು. ತಡೆಗೋಡೆ ಕಟ್ಟುವುದು, ರಸ್ತೆಗೆ ನೀರು ಹೊಡೆಯುವುದು ಅನುಮತಿಯ ಷರತ್ತು, ಅದನ್ನು ಸಮಾಜಸೇವೆಯ ಪಟ್ಟಿಗೆ ಸೇರಿಸಿದ್ದರೆ ಒಪ್ಪಬೇಡಿ. ಗಣಿಯಿಂದಲೇ ಊರ ಬಾವಿ ಕೆಟ್ಟಿದೆ ಎಂದಾದರೆ ಶುದ್ಧ ನೀರಿನ ಘಟಕವನ್ನು ದಾನದ ಲೆಕ್ಕಕ್ಕೆ ಹಾಕಲು ಬಾರದು, ಅದು ಕಟ್ಟಿಕೊಡಲೇಬೇಕಾದ ನಷ್ಟ. ಇಷ್ಟನ್ನೂ ಕಳೆದ ಮೇಲೆ ಉಳಿಯುವುದು ಕಂಪನಿಯ ಸ್ವಂತ ಔದಾರ್ಯ. ಉಳಿದರೆ ಮನಸಾರೆ ಮೆಚ್ಚಿ, ಸಭೆಯಲ್ಲಿ ಹೆಸರು ಹಿಡಿದು ಹೇಳಿ. ಒಳ್ಳೆಯದು ಮಾಡಿದವರಿಗೆ ಒಳ್ಳೆಯ ಮಾತು ಸಲ್ಲಲೇಬೇಕು.

ಫೈವ್ ಸ್ಟಾರ್ ಬೋರ್ಡು ಸುಳ್ಳಾಗಿರಲಿಕ್ಕಿಲ್ಲ. ಭಾರತೀಯ ಗಣಿ ಬ್ಯೂರೋ ಕೊಡುವ ಶ್ರೇಣಿ ಅದು. ಕಂಪನಿ ಮೊದಲು ತಾನೇ ನಮೂನೆ ತುಂಬಿ ಅಂಕ ಹಾಕಿಕೊಳ್ಳುತ್ತದೆ, ಆಮೇಲೆ ಬ್ಯೂರೋದವರು ಪರಿಶೀಲಿಸುತ್ತಾರೆ. ಕ್ರಮಬದ್ಧವಾಗಿ ಗಣಿ ನಡೆಸುತ್ತಿದ್ದಾರೆಂಬುದಕ್ಕೆ ಅದು ಒಂದು ಗುರುತು, ನಿಮ್ಮ ಕೆರೆಯ ಹೂಳಿಗೆ ಉತ್ತರ ಅದರಲ್ಲಿ ಸಿಗುವುದಿಲ್ಲ.

ಯಜಮಾನರ ಕೆಮ್ಮಿನ ಸಾಲು ನನ್ನನ್ನು ಬಹಳ ಕಾಡಿತು. ಪತ್ರದಲ್ಲಿ ಕೆರೆ, ಹೊಲ ಎಲ್ಲ ಆದ ಮೇಲೆ ಅದನ್ನು ಬರೆದಿದ್ದೀರಿ, ನಮ್ಮ ಹೆಣ್ಣುಮಕ್ಕಳು ಮನೆಯ ನೋವನ್ನು ಯಾವಾಗಲೂ ಕೊನೆಗೇ ಹೇಳುವುದು. ಗಣಿಯಲ್ಲಿ ದುಡಿಯುವವರಿಗೆ ಸೇರುವಾಗ ಒಮ್ಮೆ, ಆಮೇಲೆ ಕಾಲಕಾಲಕ್ಕೆ ಎದೆಯ ಎಕ್ಸ್‌ರೇ ಸೇರಿದಂತೆ ವೈದ್ಯಕೀಯ ತಪಾಸಣೆ ಉಚಿತವಾಗಿ ಆಗಲೇಬೇಕು. ಗುತ್ತಿಗೆದಾರನ ಕೈಕೆಳಗಿನ ಚಾಲಕರಿಗೂ ಆ ಹಕ್ಕಿದೆ. ಅವರಿಗೆ ಆಗಿದೆಯೇ? ವರದಿಯ ಪ್ರತಿ ಕೈಗೆ ಕೊಟ್ಟಿದ್ದಾರೆಯೇ? ಪಿಎಫ್ ಕಟ್ಟುತ್ತಿದ್ದಾರೆಯೇ, ಸಂಬಳದ ಚೀಟಿ ಸಿಗುತ್ತದೆಯೇ? ಗುತ್ತಿಗೆದಾರ ಸಂಬಳ ಉಳಿಸಿಕೊಂಡರೆ ತುಂಬಿಕೊಡುವ ಹೊಣೆ ಕಂಪನಿಯದೇ. ಊರಿಗೆ ಕಣ್ಣಿನ ಶಿಬಿರ ನಡೆಸಿ ತನ್ನ ಚಾಲಕರ ಶ್ವಾಸಕೋಶ ನೋಡದ ಕಂಪನಿಯನ್ನು ಜವಾಬ್ದಾರಿಯುತ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆದರೆ ಎಕ್ಸ್‌ರೇ ಮಾತ್ರ ಕಂಪನಿಗಾಗಿ ಕಾಯಬಾರದು. ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಣಿಯಲ್ಲಿ ಎಷ್ಟು ವರ್ಷದಿಂದ ಇದ್ದಾರೆಂದು ವೈದ್ಯರಿಗೆ ಬಿಡಿಸಿ ಹೇಳಿ, ಕಫದ ಪರೀಕ್ಷೆಯೂ ಆಗಲಿ.

ನೀವು ಮಾತಾಡಿದರೆ ಅವರ ಕೆಲಸಕ್ಕೆ ಕುತ್ತು ಬಂದೀತೆಂಬ ಭಯ ಪತ್ರದಲ್ಲಿ ಬರೆದಿಲ್ಲ, ಆದರೆ ನನಗೆ ಕೇಳಿಸಿತು. ಅದು ಸುಮ್ಮನೆ ಹುಟ್ಟಿದ ಭಯವಲ್ಲ. 2011ರಲ್ಲಿ ಗಣಿ ನಿಂತಾಗ ಸಾಲದ ಲಾರಿಗಳು ಸಾಲು ಸಾಲಾಗಿ ನಿಂತದ್ದು, ಕಂತು ಕಟ್ಟಲಾಗದೆ ಮನೆಗಳು ಮುರಿದದ್ದು ನಿಮ್ಮ ಕಡೆಯ ಎಲ್ಲರಿಗೂ ನೆನಪಿದೆ. ಆಗ ಗಣಿ ಮುಳುಗಿದ್ದು ಪ್ರಶ್ನೆ ಕೇಳಿದವರಿಂದಲ್ಲ, ಕೇಳಬೇಕಾದವರು ವರ್ಷಗಟ್ಟಲೆ ಸುಮ್ಮನಿದ್ದುದರಿಂದ. ಆದರೂ ಒಬ್ಬರೇ ಎದ್ದು ನಿಲ್ಲಬೇಡಿ. ಪಂಚಾಯಿತಿ ಸಭೆ ಕರೆಸಿ, ಪ್ರಶ್ನೆಗಳನ್ನು ಠರಾವಾಗಿ ಬರೆಸಿ, ಅಧ್ಯಕ್ಷರ ಸಹಿಯಲ್ಲಿ ಆಲಿಕೆಗೆ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ಕೊಡಿ. ಆಗ ಅದು ಒಬ್ಬ ಚಾಲಕನ ಹೆಂಡತಿಯ ಮಾತಾಗಿ ಉಳಿಯದೆ ಊರ ಮಾತಾಗುತ್ತದೆ.

ಸಭೆಯ ರೀತಿ ತಿಳಿದಿರಲಿ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಕಂಪನಿಯ ಕರಡು ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದನ್ನು ಈಗಲೇ ತರಿಸಿ ಓದಿ. ಜಿಲ್ಲಾಧಿಕಾರಿ ಇಲ್ಲವೇ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಇಡೀ ಸಭೆಯ ವಿಡಿಯೊ ಆಗುತ್ತದೆ. ನಡಾವಳಿಯನ್ನು ಕೊನೆಯಲ್ಲಿ ಕನ್ನಡದಲ್ಲೇ ಓದಿ ಹೇಳಬೇಕು, ಓದುವವರೆಗೆ ಎದ್ದು ಬರಬೇಡಿ, ನಿಮ್ಮ ಪ್ರಶ್ನೆ ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿ ಎನ್ನಿ. ಕಂಪನಿ ಅಲ್ಲಿ ಕೊಟ್ಟ ಭರವಸೆ ಪರಿಸರ ನಿರ್ವಹಣಾ ಯೋಜನೆಯ ಭಾಗವಾಗಿ, ಹಣದ ಬಾಬ್ತು ಸಹಿತ ಸೇರಬೇಕು ಎಂದು 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ಪಷ್ಟಪಡಿಸಿದೆ. ಹಾಗಾಗಿ ಮನೆಗೆ ಬಂದವರು ಏನಾದರೂ ಭರವಸೆ ಕೊಟ್ಟಿದ್ದರೆ ಅದನ್ನು ಮೈಕಿನ ಮುಂದೆ ಹೇಳಿಸಿ: ಯಾವ ಕೆಲಸ, ಎಷ್ಟು ಹಣ, ಯಾವ ತಿಂಗಳೊಳಗೆ. 2022ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ವಾರ್ಷಿಕ ಅದಿರು ಉತ್ಪಾದನೆಯ ಮಿತಿಯನ್ನು 2.8 ಕೋಟಿ ಟನ್ನಿನಿಂದ 3.5 ಕೋಟಿಗೆ ಏರಿಸಿದ್ದರಿಂದ ಇಂಥ ಅರ್ಜಿಗಳು ಇನ್ನೂ ಬರುತ್ತವೆ. ಹೆಚ್ಚುವರಿ ಟನ್ನಿಗೆ ಹೆಚ್ಚುವರಿ ಟಿಪ್ಪರ್ ಎಷ್ಟು, ಅವು ಶಾಲೆಯ ಮುಂದೆಯೇ ಓಡುತ್ತವೆಯೋ, ಬೇರೆ ರಸ್ತೆಯೋ ಕನ್ವೇಯರ್ ಬೆಲ್ಟೋ ಮಾಡುತ್ತೀರೋ ಎಂಬುದನ್ನು ತಪ್ಪದೆ ಕೇಳಿ. ಗಣಿ ಮುಚ್ಚುವ ಯೋಜನೆಯಲ್ಲಿ ನಮ್ಮೂರ ಕಡೆಯ ಇಳಿಜಾರಿಗೆ ಏನು ಬರೆದಿದ್ದೀರಿ ಎಂಬುದನ್ನೂ ಕೇಳಿ, ಕೆಜಿಎಫ್‌ನವರು ಕೇಳಲಾಗದೆ ಹೋದ ಪ್ರಶ್ನೆ ಅದು.

ನೀವು ಬರೆದಷ್ಟರಿಂದ ಈ ಕಂಪನಿಯನ್ನು ನಾನು ಕೆಟ್ಟದ್ದು ಎನ್ನಲಾರೆ. ಆದರೆ ಈಗಿನ ಉತ್ಪಾದನೆಯ ಹೂಳನ್ನೇ ಗುಡ್ಡದ ಮೇಲೆ ತಡೆಯಲಾಗದ ಗಣಿಗೆ ಹೆಚ್ಚಿನ ಉತ್ಪಾದನೆಯ ಅನುಮತಿ ಕೇಳುವ ಯೋಗ್ಯತೆ ಇನ್ನೂ ಬಂದಿಲ್ಲ. ಕೊಠಡಿ ಕಟ್ಟಿಸಿದ್ದಕ್ಕೆ ಸಭೆಯಲ್ಲಿ ಧನ್ಯವಾದ ಹೇಳಿ. ಕೆರೆಯ ಹೂಳು ತೆಗೆದು, ಚೆಕ್ ಡ್ಯಾಮುಗಳನ್ನು ತೋರಿಸಿ, ಚಾಲಕರ ತಪಾಸಣೆಯ ವರದಿಗಳನ್ನು ಅವರವರ ಕೈಗೆ ಕೊಡುವವರೆಗೆ ವಿಸ್ತರಣೆಗೆ ನಮ್ಮ ಪಂಚಾಯಿತಿಯ ಸಮ್ಮತಿ ಇಲ್ಲ ಎಂದು ಠರಾವಿನಲ್ಲಿ ಬರೆಸಿ.